ಗುಟ್ಟಿನ ರಕ್ತ

ಮಲೇರಿಯಾ ಸಂಶೋಧನೆಗೆಂದು ಕಟ್ಟಡ ಕೂಲಿಗಳ ಶೆಡ್ಡುಗಳಿಗೆ ಬಂದ ಡಾಕ್ಟರು ಮೊದಲ ದಿನ ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡಿದರು. "ಹೆದರಬೇಡಿ. ನಿಮ್ಮ ಹೆಸರು ನಮಗೂ ಬೇಡ. ಎಥಿಕ್ಸ್ ಕಮಿಟಿ ರೂಲ್ಸು" ಎಂದು, ಎಲ್ಲರಿಗಿಂತ ಮೊದಲು ತಮ್ಮ ಬೆರಳಿಗೇ ಸೂಜಿ ಚುಚ್ಚಿಕೊಂಡು, ಆ ರಕ್ತವನ್ನೂ ಹೆಸರಿಲ್ಲದ ಸೀಸೆಗೆ ಹಾಕಿ ಚಪ್ಪಾಳೆ ಗಿಟ್ಟಿಸಿದರು. ಧೈರ್ಯ ಬಂದ ಜನ ಸಾಲಾಗಿ ನಿಂತು ರಕ್ತ ಕೊಟ್ಟರು.

ವಾರದ ಮೇಲೆ ಡಾಕ್ಟರು ಮತ್ತೆ ಬಂದರು. ನೆಗಡಿಯೆಂದು ಉರಿಬಿಸಿಲಲ್ಲೂ ಸ್ವೆಟರ್ ತೊಟ್ಟಿದ್ದರು. ಲ್ಯಾಬಿಗೆ ಹೋದ ರಕ್ತದಲ್ಲಿ ಒಬ್ಬರದರಲ್ಲಿ ಮಲೇರಿಯಾ ಸಿಕ್ಕಿತ್ತು. ಯಾರದೆಂದು ದೇವರಿಗೂ ಗೊತ್ತಿರಲಿಲ್ಲ.

"ಯಾರಿಗೆ ಜ್ವರ ಇದೆ, ಬಾಯಿಬಿಡಿ!"

"ಹೆಸರ ಗುಟ್ಟಾಗಿರತೈತಿ ಅಂದಿದ್ರಲ್ರೀ ಸಾಹೇಬ್ರ?" ಎಂದಳು ಗಾರೆ ಹೊರುವ ದುರುಗವ್ವ.

ಇಂಥವರಿಗೆಲ್ಲ ಹಕ್ಕು ಹೇಳಿಕೊಟ್ಟದ್ದೇ ತಪ್ಪಾಯಿತು ಎನಿಸಿತು ಡಾಕ್ಟರಿಗೆ.

"ಗುಟ್ಟೂ ಇಲ್ಲ, ಗಿಟ್ಟೂ ಇಲ್ಲ! ಇವತ್ತು ಇಲ್ಲೇ ಪರೀಕ್ಷೆ. ರಕ್ತ ಬಿಟ್ಟಾಗ ಈ ಟೆಸ್ಟ್ ಪಟ್ಟಿಯಲ್ಲಿ ಎರಡು ಗೆರೆ ಬಂದರೆ ರೋಗ ಅಂತ ಲೆಕ್ಕ. ಅವರ ಹೆಸರು ಮೈಕಿನಲ್ಲಿ ಕೂಗಿಸ್ತೀನಿ."

ಜನ ಹಿಂದೆ ಸರಿದರು.

"ಅವತ್ತಿನಂಗ ಮೊದಲ ನೀವ ಚುಚ್ಚಿಕೊಳ್ರಿ" ಎಂದಳು ದುರುಗವ್ವ.

ಡಾಕ್ಟರು ಗತ್ತಿನಿಂದ ಬೆರಳು ಚುಚ್ಚಿಕೊಂಡು, ಪಟ್ಟಿಗೆ ಒಂದು ಹನಿ ರಕ್ತ ಬಿಟ್ಟು ಕಾದರು. ಒಂದು ಗೆರೆ ಮೂಡಿತು. ನಿಧಾನವಾಗಿ ಅದರ ಪಕ್ಕದಲ್ಲಿ ಇನ್ನೊಂದು.

ದುರುಗವ್ವ ಬಗ್ಗಿ ನೋಡಿದಳು. "ಎರಡ ಬಂದಾವ್ರೀ ಸಾಹೇಬ್ರ. ಮೈಕ್ ತರ್ಲೇನ್ರೀ?"

ಡಾಕ್ಟರು ಪಟ್ಟಿಯನ್ನು ಸ್ವೆಟರಿನೊಳಗೆ ತುರುಕಿಕೊಂಡರು.

"ರೋಗಿಯ ಹೆಸರು ಹೊರಗೆ ಹೇಳೋ ಹಾಗಿಲ್ಲಮ್ಮ. ರೂಲ್ಸು."