ಬೆಳಗ್ಗೆ ಮೀನು, ಮಧ್ಯಾಹ್ನ ಊರು

ನಾಲ್ಕು ಗಂಟೆಯವರೆಗೆ ಅತಿಥಿ ಮಡುವಿನ ಕಡೆ ಸುಳಿಯಕೂಡದು. ಈಗಿನ್ನೂ ಮೂರೂಕಾಲು. ಗೈಡು ಅವರನ್ನು ಗಡಿಯಾರದ ಗೋಪುರ ಹತ್ತಿಸಿ ಇಳಿಸಿದ್ದ. ಹಳೆಯ ಜೈಲಿನ ಕೋಣೆಗಳನ್ನು ಎರಡೆರಡು ಸಲ ತೋರಿಸಿದ್ದ. ಉಳಿದಿದ್ದು ಕಲ್ಲಿನ ಸೇತುವೆ ಒಂದೇ. ಅದಕ್ಕೆ ಕಥೆ ಇರಲಿಲ್ಲ, ನಿಂತಲ್ಲೇ ಒಂದನ್ನು ಕಟ್ಟಿ ಹೇಳಿದ.

ಅತಿಥಿ ಅರ್ಧ ಕಿವಿ ಕೊಟ್ಟರು. ಕಂಬದ ಕೆತ್ತನೆ ಬಿಟ್ಟು, ಬುಡದಲ್ಲಿ ನೀರು ಬಿಟ್ಟ ಕಲೆ ನೋಡಿದರು. ಕೆಳಗಿಳಿದು ಪುಟ್ಟ ಬಾಟಲಿಯಲ್ಲಿ ನೀರು ತುಂಬಿಸಿಕೊಂಡರು. ನೆನಪಿಗೆ, ಎಂದರು. ಕೆಲವರು ಕಲ್ಲು ಆರಿಸಿಕೊಳ್ಳುತ್ತಾರೆ, ಇವರದು ನೀರು, ಎಂದುಕೊಂಡು ಗೈಡು ಮತ್ತೆ ಕೈಗಡಿಯಾರ ನೋಡಿದ.

"ಗೋಪುರದ ಮೇಲಿಂದ ಒಂದು ಚಿಮಣಿ ಕಾಣ್ತಲ್ಲ, ಅಲ್ಲಿಂದ ನದಿಗೆ ಏನಾದ್ರೂ ಬಿಡ್ತಾರಾ?" ಅತಿಥಿ ಕೇಳಿದರು.

"ಏನೂ ಇಲ್ಲ ಸಾರ್. ಮೀನು ನೀವೇ ಹಿಡಿದು ನೋಡಿದ್ರಲ್ಲ."

ಎಂದುಬಿಟ್ಟ ಗೈಡು. ಅದೇ ಹೊತ್ತಿಗೆ ನದಿಯಲ್ಲಿ ಎರಡು ಮೈಲಿ ಮೇಲೆ ಅವನ ಹೆಂಡತಿ ವ್ಯಾನಿನಿಂದ ಡ್ರಮ್ಮು ಇಳಿಸಿ ಮಡುವಿಗೆ ಮೀನು ಸುರಿಯುತ್ತಿದ್ದಳು. ನಿನ್ನೆ ಬಿಟ್ಟವುಗಳಲ್ಲಿ ಹೊಟ್ಟೆ ಮೇಲಾಗಿ ತೇಲಿದ್ದನ್ನು ಮೊದಲು ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿರುತ್ತಾಳೆ.

ಆ ನದಿಯಲ್ಲಿ ಮೀನಿಲ್ಲದೆ ಆರು ವರ್ಷವಾಗಿತ್ತು. ಆ ಚಿಮಣಿ ಇದ್ದ, ಬಣ್ಣ ತಯಾರಿಸುವ ಕಾರ್ಖಾನೆ ಮಳೆ ಸುರಿಯುವ ದಿನ ನೋಡಿ ತನ್ನ ತೊಟ್ಟಿ ಖಾಲಿ ಮಾಡುತ್ತಿತ್ತು. ಮರುದಿನ ನೀರು ತಿಳಿ. ವಿಷ ಮಡುವಿನ ತಳದ ಕೆಸರಿನಲ್ಲಿ ಕೂತಿರುತ್ತಿತ್ತು. ಗೈಡು ವರ್ಷಕ್ಕೊಂದರಂತೆ ಸರ್ಕಾರಕ್ಕೆ ಅರ್ಜಿ ಬರೆದ, ಊರವರ ಸಹಿಯನ್ನೂ ಹಾಕಿಸಿದ. ಒಂದು ಸಲ ಮುಂಚೆಯೇ ಕಾಗದ ಕಳಿಸಿ ಇಬ್ಬರು ಅಧಿಕಾರಿಗಳು ಬಂದರು, ತಿಳಿನೀರು ನೋಡಿದರು, ಕಾರ್ಖಾನೆಯಲ್ಲಿ ಚಹಾ ಕುಡಿದು ಹೋದರು. ಆಮೇಲೆ ಉತ್ತರವೇ ಇಲ್ಲ.

ಗೈಡಿಗೆ ಗೊತ್ತಿದ್ದ ಕಸುಬು ಒಂದೇ. ಗರಿ, ದಾರ ಸುತ್ತಿದ ನಕಲಿ ನೊಣವನ್ನು ನೀರಿನ ಮೇಲೆ ಹಾರಿಸಿ ಮೀನು ಹಿಡಿಯುವುದನ್ನು ಪೇಟೆಯವರಿಗೆ ಕಲಿಸುವುದು. ಮೀನಿಲ್ಲ ಎಂದು ಗೊತ್ತಾದರೆ ಆ ಮೂಲೆಗೆ ಯಾರು ಬರುತ್ತಾರೆ? ಉಪಾಯ ಹೆಂಡತಿಯದು. ಗುಡ್ಡದಾಚೆ ಅವಳ ಅಣ್ಣ ಕೊಳದಲ್ಲಿ ಮೀನು ಸಾಕುತ್ತಿದ್ದ. ಬೆಳಗ್ಗೆ ಮೀನು, ಮಧ್ಯಾಹ್ನ ಊರು ಸುತ್ತಾಟ ಎಂಬ ಹೊಸ ಯೋಜನೆ ಹುಟ್ಟಿದ್ದೇ ಡ್ರಮ್ಮಿಗೆ ಸಮಯ ಸಿಗಲಿ ಎಂದು. ಕಾರ್ಖಾನೆಗೆ ಬೀಗ ಬಿದ್ದರೆ ನದಿ ಮೂರ್ನಾಲ್ಕು ವರ್ಷದಲ್ಲಿ ಚೇತರಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಮಾತ್ರ ಈ ನಾಟಕ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಮೀನಿಗೆ ನಕಲಿ ನೊಣ, ಗಿರಾಕಿಗೆ ನಕಲಿ ನದಿ ಎಂದು ಅವಳು ನಗುತ್ತಿದ್ದಳು. ಮೊದಮೊದಲು ಅವನೂ ನಕ್ಕಿದ್ದ.

ಈ ಅತಿಥಿಯ ಮುಂದೆ ನಗು ಬರಲಿಲ್ಲ. ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಕಚೇರಿಯಲ್ಲಿ ಸಹಿ ಹಾಕುವ ಕೆಲಸ, ತಿಂಗಳ ಕೊನೆಗೆ ನಿವೃತ್ತಿ ಎಂದಿದ್ದರು. ಉಂಡ ತಟ್ಟೆ ತಾವೇ ತೊಳೆದಿಡುತ್ತಿದ್ದರು. ಮೊದಲ ಮೀನು ಸಿಕ್ಕಾಗ ಉದ್ದ ಅಳೆದರು, ಕಿವಿರು ಬಿಡಿಸಿ ನೋಡಿದರು, ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಅದು ತಾನಾಗಿ ಬಾಲ ಬಡಿಯುವವರೆಗೂ ಕಾದು ಬಿಟ್ಟರು. ಇಷ್ಟು ಆರೋಗ್ಯವಾದ ಮೀನು ನೋಡಿ ಹೊಟ್ಟೆ ತಣ್ಣಗಾಯಿತು ಎಂದರು. ಅಷ್ಟು ಜೋಪಾನವಾಗಿ ಬಿಟ್ಟ ಮೀನನ್ನು ಮರುದಿನ ಸಂಜೆ ಗೈಡು ಕೊಟ್ಟಿಗೆಯ ಹಿಂದೆ ಹೂತ. ಗುದ್ದಲಿ ಹಿಡಿದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕೊನೆಯ ದಿನ ಬೆಳಗ್ಗೆ ಒಲೆಯ ಮುಂದೆ ನಿಂತು, ಅವರಿಗೆ ನಿಜ ಹೇಳಿಬಿಡುತ್ತೇನೆ ಎಂದ.

"ಹೇಳಿ ಏನು ಮಾಡ್ತೀರಾ?" ಹೆಂಡತಿ ದನಿ ತಗ್ಗಿಸಿದಳು. "ಪಾಪ, ಖುಷಿಯಾಗಿ ಹೋಗ್ತಿದ್ದಾರೆ. ನಾವು ಸುಮ್ನಿದ್ರೆ ಯಾರಿಗೇನು ನಷ್ಟ, ಹೇಳಿ?"

ಆದರೂ ಅವನು ಬಸ್ ನಿಲ್ದಾಣಕ್ಕೆ ಹೋಗುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಅತಿಥಿಯ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿದ. ಅತಿಥಿ ಕಿಟಕಿ ಪಕ್ಕ ಕೂತರು.

"ಸಾರ್, ಆ ಮೀನಿನ ವಿಷಯ ಒಂದು..."

"ಮೊದಲು ನಂದು ಕೇಳಿ," ಎಂದರು ಅವರು. ನಾಲ್ಕು ದಿನದಿಂದ ಮನಸ್ಸು ಚುಚ್ಚುತ್ತಿದೆ, ಸುಳ್ಳು ಹೇಳಿ ನಿಮ್ಮ ಮನೆಯ ಊಟ ಮಾಡಿದೆ ಎಂದರು. ತಾನು ಪ್ರವಾಸಿಯಲ್ಲ, ನದಿಗಳನ್ನು ನೋಡಿಕೊಳ್ಳುವ ಇಲಾಖೆಯ ಅಧಿಕಾರಿ ಎಂದರು. ಹೇಳಿ ಬಂದರೆ ಕಾರ್ಖಾನೆಯವರು ತಿಳಿನೀರು ತೋರಿಸಿ ಕಳಿಸುತ್ತಾರೆ, ಅದಕ್ಕೇ ಹೇಳದೆ ಬಂದಿದ್ದು. ನೀರು ಆ ಒಂದು ದಿನದ ಸಂಗತಿ ಮಾತ್ರ ಹೇಳುತ್ತದೆ, ಇಡೀ ವರ್ಷದ್ದು ತಿಳಿಯಬೇಕಾದರೆ ಮೀನನ್ನೇ ಹಿಡಿದು ನೋಡಬೇಕು.

ಗೈಡು ಕಿಟಕಿಯ ಹತ್ತಿರ ಸರಿದ. ಬಸ್ಸು ಹೊರಟಿತು. ಅವರು ಕಿಟಕಿಯಿಂದ ಬಗ್ಗಿ ಅವನ ಭುಜ ತಟ್ಟಿದರು.

"ನಿಮ್ಮ ಆರೂ ಅರ್ಜಿ ಓದಿ, ಕಾರ್ಖಾನೆ ಮುಚ್ಚಿಸ್ಲೇಬೇಕು ಅಂತ ಬಂದೆ, ಹದಿನಾಲ್ಕು ಮೀನು ಕಣ್ಣಾರೆ ನೋಡಿದ್ಮೇಲೆ ಹೇಗೆ ಮುಚ್ಚಿಸ್ಲಿ, ನದಿಗೆ ಏನೂ ಆಗಿಲ್ಲ ಅಂತ ಬೆಳಗ್ಗೆನೇ ವರದಿ ಕಳಿಸಿಬಿಟ್ಟೆ."