ಕಪಾಟಿನಲ್ಲಿದ್ದ ಮುಖ

ನ್ಯಾಯಾಧೀಶರ ಮುಖಗಳನ್ನಿಡುವ ಕಪಾಟಿಗೆ ಬೀಗ ಹಾಕಿ ಬಂದ ದಫೇದಾರ ಈರಪ್ಪ, ವಕೀಲೆ ಕ್ರಿಸ್ತಿನಾ ಸಿದ್ದಿಯ ಕಡೆ ಬಗ್ಗಿ ಹೇಳಿದ: “ಮೇಡಂ, ಸಾಹೇಬ್ರಿಗೆ ಇವತ್ತ ನಿಮ್ಮ ಮುಖಾನ ಹಾಕೇನ್ರಿ. ಸಿದ್ದಿ ಮಂದಿ ಕೇಸ್ ಬಂದ್ರ ಅದನ್ನ ಹಾಕಬೇಕಂತ ಆರ್ಡರ್ ಐತ್ರಿ.”

ಸಿದ್ದಿ ಜನಾಂಗದಲ್ಲಿ ಮೊದಲು ಕಾನೂನು ಓದಿದವಳು ಅವಳು. ಪೀಠದ ಮೇಲೆ ಎಲ್ಲ ಜನಾಂಗದವರೂ ಕಾಣಬೇಕೆಂಬ ಕಾಯಿದೆ ಬಂದ ವರ್ಷವೇ ನ್ಯಾಯಾಧೀಶೆಯ ಹುದ್ದೆಗೆ ಅರ್ಜಿ ಹಾಕಿದ್ದಳು. ಸಂದರ್ಶನದಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ, ಮುಖದ ಅಚ್ಚು ತೆಗೆದುಕೊಂಡು ಕಳಿಸಿಬಿಟ್ಟರು. ಹುದ್ದೆ ಕೊಡಿ ಎಂದು ಹನ್ನೊಂದು ವರ್ಷ ಕೋರ್ಟಿಗೆ ಅಲೆದಳು. ಇವತ್ತು ಅದರ ತೀರ್ಪು.

ಎಲ್ಲರೂ ಎದ್ದು ನಿಂತರು. ಒಳಬಂದವರ ಕೈಗಳು ಅದೇ ಹಳೆಯ ಸಾಹೇಬರವು. ಮುಖ ಮಾತ್ರ ಅವಳದು, ಗಲ್ಲದ ಮೇಲಿನ ಮಚ್ಚೆಯ ಸಮೇತ. ಅವಳ ಕೂದಲು ನರೆತಿತ್ತು. ಆ ಮುಖಕ್ಕಿನ್ನೂ ಮೂವತ್ತೆರಡೇ ವಯಸ್ಸು.

“ಅರ್ಜಿ ವಜಾ,” ಎಂದಿತು ಮುಖ, ಗಂಡು ದನಿಯಲ್ಲಿ. “ಪೀಠದ ಮೇಲೆ ಸಿದ್ದಿಯರೇ ಇಲ್ಲವೆಂಬ ವಾದಕ್ಕೆ ಆಧಾರವಿಲ್ಲ. ತಲೆಯೆತ್ತಿ ನೋಡಿ.”

ಅವಳು ನೋಡಿದಳು. ಮುಖ ನಗುತ್ತಿತ್ತು. ಸಂದರ್ಶನದ ದಿನ ಆಸೆಯಿಂದ ನಕ್ಕಿದ್ದ ನಗು, ಅಚ್ಚಿನಲ್ಲಿ ಹಾಗೆಯೇ ಉಳಿದುಬಿಟ್ಟಿತ್ತು.