ಕೊನೆಯ ಪೀಪಾಯಿ

ಭೂಮಿಯ ಮೇಲಿನ ದ್ರಾಕ್ಷಿ ಬಳ್ಳಿಗಳೆಲ್ಲ ಕಾಯಿ ಕಟ್ಟುವುದನ್ನು ನಿಲ್ಲಿಸಿದ್ದು ನಿಜ, ಆದರೆ ಮಾಲ್ಡೋವಾದಲ್ಲಿ ಸುಗ್ಗಿಯ ರಜೆಯನ್ನು ಯಾರು ಬಿಡುತ್ತಾರೆ? ಈ ಸಲವೂ ಜನ ಖಾಲಿ ಬುಟ್ಟಿ ಹೊತ್ತು ತೋಟ ಸುತ್ತಿ, ಸಂಜೆಗೆ ಮನೆ ಸೇರಿದರು.

ನೆಲಮಾಳಿಗೆಯಲ್ಲಿ ಕಾವಲುಗಾರ ಟೂಡರ್ ಕೊನೆಯ ಪೀಪಾಯಿಯನ್ನು ಓರೆ ಮಾಡಿ ಗ್ಲಾಸಿಗೆ ಬಗ್ಗಿಸಿದ. ಕೆಂಪು ವೈನನ್ನು ಕೊನೆಕೊನೆಗೆ ಎಲ್ಲೆಡೆ ಹನಿ ಲೆಕ್ಕದಲ್ಲಿ ಮಾರಿ ಮುಗಿಸಿದ್ದರು. ಈ ನೆಲಮಾಳಿಗೆಯಲ್ಲಿ ಇದ್ದದ್ದನ್ನೂ ವ್ಯಾಪಾರಿಗಳು ಬಳಿದುಕೊಂಡು ಹೋಗಿದ್ದರು. ಈ ಒಂದು ಗುಟುಕನ್ನು ಅವನು ಈಗ ಎದುರಿಗಿದ್ದ ಮುದುಕಿ ಅಗ್ಲಾಯಾಳಿಗೆಂದು ಮುಚ್ಚಿಟ್ಟಿದ್ದ. ವೈನಿನ ರುಚಿ ನೋಡಿ ಹೇಳುವುದೇ ಅವಳ ಕೆಲಸ. ತಲೆ ತಿರುಗಬಾರದೆಂದು, ಹುಡುಗಿಯಾಗಿದ್ದಾಗಿನಿಂದ ಪ್ರತಿ ಗುಟುಕನ್ನೂ ಬಕೆಟ್ಟಿಗೆ ಉಗುಳಿದವಳು.

"ಚಿಕ್ಕಮ್ಮ, ಇದನ್ನಾದರೂ ಕುಡೀರಿ. ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ."

"ಗೊತ್ತು ಕಣೋ, ಸುಮ್ನಿರು."

ಅವಳು ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದಳು, ಮೂಸಿದಳು. ಬಾಯಿಗೆ ಸುರಿದುಕೊಂಡು, ಕಣ್ಣು ಮುಚ್ಚಿ, ನಾಲಗೆಯ ಮೇಲೆ ನಿಧಾನವಾಗಿ ಹೊರಳಿಸಿದಳು. ಆಮೇಲೆ ಬಗ್ಗಿ ಬಕೆಟ್ಟಿಗೆ ಉಗುಳಿ, ಮುಂಗೈಯಿಂದ ತುಟಿ ಒರೆಸಿಕೊಂಡಳು.

"ಪರವಾಗಿಲ್ಲ," ಎಂದಳು. "ಇನ್ನೆರಡು ವರ್ಷ ಇಟ್ಟರೆ ಚೆನ್ನಾಗಿ ಮಾಗುತ್ತೆ."

ಟೂಡರ್ ಬಕೆಟ್ಟನ್ನು ನೋಡಿದ. ಆಗ ಅವಳೂ ನೋಡಿದಳು.